‘ಶ್ಪಿಲ್ಕಿ’ಯ ಬಿಳಿ ಜಾಗ ಓದಲು ಕಲಿತದ್ದು

ಪೋಲಿಶ್ ಕಲಿಯಲು ಶುರುಮಾಡಿ ಎರಡು ವರ್ಷವಾದ ಮೇಲೆ ‘ಶ್ಪಿಲ್ಕಿ’ಯ ಹಳೆಯ ಸಂಚಿಕೆಗಳಿಗೆ ಕೈಹಾಕಿದೆ. ಶ್ಪಿಲ್ಕಿ ಅಂದರೆ ಗುಂಡುಸೂಜಿಗಳು. 1935ರ ಡಿಸೆಂಬರಿನಲ್ಲಿ ವಾರ್ಸಾದಲ್ಲಿ ವ್ಯಂಗ್ಯಚಿತ್ರಕಾರ ಎರಿಕ್ ಲಿಪಿನ್‌ಸ್ಕಿ ಮತ್ತು ಪತ್ರಕರ್ತ ಜ್ಬಿಗ್ನೆವ್ ಮಿಟ್ಸ್ನೆರ್ ಸೇರಿ ಹೊರತಂದ ವಿಡಂಬನೆಯ ವಾರಪತ್ರಿಕೆ. ಲಿಪಿನ್‌ಸ್ಕಿಗೆ ಆಗಿನ್ನೂ 27 ವರ್ಷ.

ಮೊದಲ ತಿಂಗಳು ಪದ ಪದಕ್ಕೂ ನಿಘಂಟು ತಿರುವಿದೆ. ಅರ್ಥ ಸಿಕ್ಕಿತು, ನಗು ಸಿಗಲಿಲ್ಲ. ಆ ಕಾಲದ ಬರಹಗಳಲ್ಲಿ ಬರುವ ‘ಸ್ವಾವೊಯ್ಕಾ’ ಪದವನ್ನೇ ನೋಡಿ. ಹಿತ್ತಲಿನ ಮರದ ಕಕ್ಕಸು ಅಂತ ಅರ್ಥ. ಸರಿ, ಅದರಲ್ಲಿ ನಗೋದೇನು? ಮನೆಮನೆಗೂ ಕಕ್ಕಸು ಇರಲೇಬೇಕೆಂದು ಹಟ ಹಿಡಿದವರು ಸ್ವಾವೊಯ್ ಸ್ಕ್ವಾಡ್‌ಕೊವ್‌ಸ್ಕಿ. 1936ರಿಂದ 1939ರವರೆಗೆ ಅವರೇ ಪ್ರಧಾನಿ. ಪ್ರಧಾನಿಯ ಹೆಸರನ್ನೇ ಜನ ಕಕ್ಕಸಿಗೆ ಇಟ್ಟುಬಿಟ್ಟಿದ್ದರು!

ಅಂದಿನಿಂದ ಓದುವ ರೀತಿ ಬದಲಾಯಿಸಿದೆ. ಮೊದಲು ಸಂಚಿಕೆಯ ತಾರೀಖು. ಆಮೇಲೆ ಅದೇ ವಾರದ ದಿನಪತ್ರಿಕೆ. ನೋಟ್‌ಬುಕ್ಕಿನ ಎಡಪುಟದಲ್ಲಿ ಸುದ್ದಿ, ಬಲಪುಟದಲ್ಲಿ ವ್ಯಂಗ್ಯಚಿತ್ರ. ಕೆಲಸ ಜಾಸ್ತಿ, ಒಂದು ಸಂಚಿಕೆಗೆ ನಾಲ್ಕೈದು ಸಂಜೆ ಬೇಕು. ಆದರೆ ಬೇರೆ ದಾರಿ ನನಗೆ ಕಾಣಲಿಲ್ಲ.

ಒಂದು ಸಂಜೆ ಪುಟದ ನಡುವೆ ಅಂಗೈ ಅಗಲದ ಬಿಳಿ ಜಾಗ ಕಂಡಿತು. ಸ್ಕ್ಯಾನ್ ಕೆಟ್ಟಿದೆ ಅಂದುಕೊಂಡು ಮತ್ತೆ ಡೌನ್‌ಲೋಡ್ ಮಾಡಿದೆ. ಅಲ್ಲೇ ಇತ್ತು. ನಮ್ಮ ಪೋಲಿಶ್ ಮೇಡಂಗೆ ತೋರಿಸಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಇದು ಸೆನ್ಸಾರ್ ಕಣಮ್ಮ” ಅಂದರು.

ಆಗ ನಡೆಯುತ್ತಿದ್ದದ್ದು ಹೀಗೆ. ಪತ್ರಿಕೆ ಅಚ್ಚಾದ ಕೂಡಲೇ ಒಂದು ಪ್ರತಿ ಅಧಿಕಾರಿಗಳ ಕೈಗೆ ಹೋಗಬೇಕು. ಅವರಿಗೆ ಹಿಡಿಸದಿದ್ದರೆ ಪ್ರತಿಗಳು ಜಪ್ತಿ. ಸಂಪಾದಕರು ಆ ಭಾಗದ ಅಚ್ಚುಮೊಳೆ ಕಿತ್ತು, ಜಾಗ ಖಾಲಿ ಬಿಟ್ಟು, ಇನ್ನೊಮ್ಮೆ ಅಚ್ಚು ಹಾಕಿಸುತ್ತಿದ್ದರು. ಬೇರೇನಾದರೂ ತುಂಬಿ ಮುಚ್ಚಬಹುದಿತ್ತು, ಅಲ್ವಾ? ಖಾಲಿ ಬಿಟ್ಟರೆ ಇಲ್ಲಿ ಕತ್ತರಿ ಬಿದ್ದಿದೆ ಅಂತ ಓದುಗನಿಗೆ ತಾನಾಗಿ ತಿಳಿಯುತ್ತಿತ್ತು.

1937ರ ಅಕ್ಟೋಬರಿಗೆ ಬಂದಾಗ ನನ್ನ ಎಡಪುಟ ಬೇಗ ತುಂಬಿತು. ವಿಶ್ವವಿದ್ಯಾಲಯಗಳಲ್ಲಿ ಯಹೂದಿ ವಿದ್ಯಾರ್ಥಿಗಳಿಗೆ ಬೇರೆ ಬೆಂಚು ಗೊತ್ತುಮಾಡಿದರು. ಎಷ್ಟೋ ಹುಡುಗ ಹುಡುಗಿಯರು ಕೂರಲು ಒಪ್ಪದೆ, ಪಾಠ ಮುಗಿಯುವವರೆಗೆ ನಿಂತೇ ಇರುತ್ತಿದ್ದರು. ಅದನ್ನು ಬರೆದುಕೊಳ್ಳುವಾಗ ನನ್ನ ಕೈ ನಿಂತಿತು. ಯಹೂದಿ ದ್ವೇಷವನ್ನು, ಫ್ಯಾಸಿಸ್ಟರನ್ನು ಶ್ಪಿಲ್ಕಿ ಬಿಡದೆ ಚುಚ್ಚುತ್ತಿದ್ದ ಕಾಲ ಅದು. ಆ ಧೈರ್ಯ ನನಗೆ ತುಂಬಾ ದೊಡ್ಡದಾಗಿ ಕಾಣುತ್ತದೆ. ಮುಂದೆ ಜರ್ಮನರು ಲಿಪಿನ್‌ಸ್ಕಿಯನ್ನು ಹಿಡಿದು ಔಶ್ವಿಟ್ಸ್ ಎಂಬ ನಾಜಿ ಯಾತನಾ ಶಿಬಿರಕ್ಕೆ ಹಾಕಿದರು. ಅವರು ಬದುಕಿ ಬಂದರು. 1978ರಲ್ಲಿ ವಾರ್ಸಾದಲ್ಲಿ ವ್ಯಂಗ್ಯಚಿತ್ರಗಳ ಮ್ಯೂಸಿಯಂ ಕಟ್ಟಿದವರೂ ಅವರೇ.

ಈಗ ಬಿಳಿ ಜಾಗ ಬಂದರೆ ದಾಟಿ ಹೋಗುವುದಿಲ್ಲ. ಮೇಲಿನ ಸಾಲು, ಕೆಳಗಿನ ಸಾಲು ಓದುತ್ತೇನೆ. ಬಲಪುಟದಲ್ಲಿ ಅಷ್ಟೇ ಅಳತೆಯ ಚೌಕ ಬರೆದು, ಒಳಗೆ ಏನೂ ಬರೆಯದೆ ಬಿಡುತ್ತೇನೆ.