ಆಟದ ಕಾರಿನ ರೇಸಿಗೆ ಟೈಮರ್: ನಮ್ಮ ಬಿಸಿಲಲ್ಲೂ ಸರಿಯಾಗಿ ಲೆಕ್ಕ ಕೊಡುವ ಹಾಗೆ ಕಟ್ಟುವುದು ಹೇಗೆ

ಇಳಿಜಾರಿನ ಟ್ರ್ಯಾಕಿನ ಮೇಲೆ ಮರದ ಕಾರು ಬಿಟ್ಟು ರೇಸ್ ಆಡಿಸುವುದು ಸುಲಭ. ಯಾವ ಕಾರು ಮೊದಲು ಬಂತು ಅಂತ ಹೇಳುವುದೇ ಕಷ್ಟ. ಟ್ರ್ಯಾಕಿನ ತುದಿ 1 ಮೀಟರ್ ಎತ್ತರದಲ್ಲಿದ್ದರೆ, ತಿಕ್ಕಾಟವೇ ಇಲ್ಲ ಅಂತ ಲೆಕ್ಕ ಹಾಕಿದಾಗ, ಕಾರು ಕೆಳಗೆ ಬರುವಷ್ಟರಲ್ಲಿ ಸೆಕೆಂಡಿಗೆ 4.4 ಮೀಟರ್ ವೇಗ ಹಿಡಿದಿರುತ್ತದೆ. ಚಕ್ರ, ಗಾಳಿ ಒಂದಷ್ಟು ತಿಂದುಕೊಂಡವು ಅಂದುಕೊಂಡು 4 ಅಂತ ಇಟ್ಟುಕೊಳ್ಳೋಣ. ಕಣ್ಣಲ್ಲಿ ನೋಡಿ ಬೆರಳಿಂದ ಸ್ಟಾಪ್‌ವಾಚ್ ಒತ್ತಲು ಮನುಷ್ಯನಿಗೆ ಸುಮಾರು 0.2 ಸೆಕೆಂಡ್ ಬೇಕು. ಅಷ್ಟರಲ್ಲಿ ಕಾರು 80 ಸೆಂಟಿಮೀಟರ್ ಮುಂದೆ ಹೋಗಿರುತ್ತದೆ. ಕಾರಹುಣ್ಣಿಮೆಗೆ ಕರಿ ಹರಿಯುವಾಗ ಊರೆಲ್ಲ ನಿಂತು ನೋಡಿದರೂ ಯಾವ ಎತ್ತು ಮುಂದಿತ್ತು ಅನ್ನೋ ವಾದ ಮುಗಿಯುವುದಿಲ್ಲ, ಇನ್ನು ಅಂಗೈ ಉದ್ದದ ನಾಲ್ಕು ಕಾರು ಒಟ್ಟಿಗೆ ನುಗ್ಗಿ ಬಂದರೆ ಕೇಳಬೇಕಾ? ಸೋತ ಹುಡುಗಿ "ಅಣ್ಣಾ, ನನ್ನದೇ ಫಸ್ಟ್ ಬಂತು" ಅಂದಾಗ ಅವಳಿಗೆ ತೋರಿಸಲು ನಮ್ಮ ಹತ್ತಿರ ಒಂದು ನಂಬುವಂಥ ಅಂಕಿ ಇರಬೇಕು.

ಕೊಪ್ಪಳದ ಕಡೆ ಶಾಲೆಯಲ್ಲೋ ಓಣಿಯಲ್ಲೋ ಮಕ್ಕಳಿಗೆ ರೇಸ್ ಆಡಿಸುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಮ್ಮ ಜಿಲ್ಲೆಗೆ ಆಟಿಕೆ ಹೊಸದಲ್ಲ. ಕಿನ್ನಾಳದವರು ಹಗುರ ಮರದಲ್ಲಿ ಕೆತ್ತುವ ಗೊಂಬೆಗಳಿಗೆ ಜಿಐ ಟ್ಯಾಗ್ ಇದೆ, ಭಾನಾಪುರಕ್ಕೆ ಈಗ ಆಟಿಕೆ ಕ್ಲಸ್ಟರ್ ಬಂದಿದೆ. ಮಕ್ಕಳೇ ಕಾರು ಕೆತ್ತಿ, ಮಕ್ಕಳೇ ಟೈಮರ್ ಕಟ್ಟಿದರೆ ಎಷ್ಟು ಚೆಂದ ಅಲ್ವಾ? ಆದರೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇಂಥ ಟೈಮರಿನ ಸರ್ಕ್ಯೂಟ್‌ಗಳು ಬೇಕಾದಷ್ಟು ಸಿಗುತ್ತವೆ, ಅವು ಮನೆಯೊಳಗೆ ಚೆನ್ನಾಗೇ ನಡೆಯುತ್ತವೆ. ಅದನ್ನೇ ಫೆಬ್ರವರಿ 28ರ ವಿಜ್ಞಾನ ದಿನಕ್ಕೆ ಶಾಲೆಯ ಅಂಗಳದಲ್ಲಿ ಇಟ್ಟು ನೋಡಿ, ಬಿಸಿಲಿಗೆ ಸೆನ್ಸರ್ ಕುರುಡಾಗುತ್ತದೆ. ನಮ್ಮಲ್ಲಿ ಕೋಡ್ ಬರೆಯುವುದು ಸಣ್ಣ ಕೆಲಸ. ಬಿಸಿಲು ತಡೆಯುವುದು ದೊಡ್ಡ ಕೆಲಸ.

ಟೈಮರ್ ಕೆಲಸ ಮಾಡುವುದು ಹೀಗೆ: ಮೇಲೆ ಸ್ಟಾರ್ಟ್ ಗೇಟು ಬಿದ್ದ ಕೂಡಲೇ ಎಣಿಕೆ ಶುರು, ಕೆಳಗೆ ಗೆಲುವಿನ ಗೆರೆಯ ಮೇಲಿನ ಕಮಾನಿನಲ್ಲಿ ಲೇನಿಗೊಂದು ಬೆಳಕಿನ ಕಿರಣ, ಕಾರು ಅದನ್ನು ಅಡ್ಡಗಟ್ಟಿದ್ದು ಸೆನ್ಸರಿಗೆ ಕಂಡಾಗ ಆ ಲೇನಿನ ಸಮಯ ಸಿಗುತ್ತದೆ. ಮೊದಲು ಸಾಮಾನು. ಒಂದು ಆರ್ಡಿನೋ ಯೂನೋ ಅಥವಾ ನ್ಯಾನೋ, ಅಂದರೆ ನಾವು ಬರೆದ ಪ್ರೋಗ್ರಾಂ ನಡೆಸುವ ಪುಟ್ಟ ಬೋರ್ಡ್. ನಿಮ್ಮ ಶಾಲೆಯಲ್ಲಿ ಅಟಲ್ ಟಿಂಕರಿಂಗ್ ಲ್ಯಾಬ್ ಇದ್ದರೆ ಬೋರ್ಡ್ ಅಲ್ಲೇ ಸಿಗಬಹುದು, ಕೇಳಿ ನೋಡಿ. ಲೇನಿಗೆ ಒಂದರಂತೆ 4 ಐಆರ್ (ಇನ್ಫ್ರಾರೆಡ್, ಕಣ್ಣಿಗೆ ಕಾಣದ ಬೆಳಕು) ಎಲ್‌ಇಡಿ, 4 ಫೋಟೋ ಟ್ರಾನ್ಸಿಸ್ಟರ್ (ಬೆಳಕು ಗುರುತಿಸುವ ಸೆನ್ಸರ್), 220 ಓಮ್‌ನ ನಾಲ್ಕು ಮತ್ತು 10 ಕಿಲೋ ಓಮ್‌ನ ನಾಲ್ಕು ರೆಸಿಸ್ಟರ್. ಗೇಟಿಗೆ ಒಂದು ಮೈಕ್ರೋಸ್ವಿಚ್. 16 ಅಕ್ಷರ 2 ಸಾಲಿನ ಎಲ್‌ಸಿಡಿ, ಹಿಂದೆ ಐ2ಸಿ ಬೋರ್ಡ್ (ಎರಡೇ ಡೇಟಾ ವೈರಿನಲ್ಲಿ ಕೆಲಸ ಮಾಡುವುದು) ಅಂಟಿಸಿರುವುದನ್ನೇ ತಗೊಳ್ಳಿ, ವೈರ್ ಉಳಿಯುತ್ತದೆ. ಹಳೆಯ ಲ್ಯಾನ್ ಕೇಬಲ್ ಒಂದಷ್ಟು ಮೀಟರ್. ಮತ್ತೆ ಮನೆಯ ಮಾಳಿಗೆ ಮೇಲೆ ಹಳೆಯ ಟಿವಿ ಆಂಟೆನಾ ಬಿದ್ದಿದ್ದರೆ ಬಿಸಾಡಬೇಡಿ, ಅದರ ಅಲ್ಯೂಮಿನಿಯಂ ಕೊಳವೆ ನಮಗೆ ಬೇಕು.

ಎಲ್‌ಡಿಆರ್ (ಬೆಳಕಿಗೆ ತಕ್ಕಂತೆ ರೆಸಿಸ್ಟೆನ್ಸ್ ಬದಲಾಗುವ ಸೆನ್ಸರ್) ಹಾಕಬಹುದಲ್ವಾ ಅಂತ ಕೆಲವರು ಕೇಳುತ್ತಾರೆ. ಬೇಡ. ಬೆಳಕು ಬದಲಾದದ್ದನ್ನು ಅದು ಒಪ್ಪಿಕೊಳ್ಳಲು ಹತ್ತಾರು ಮಿಲಿಸೆಕೆಂಡ್ ತಗೊಳ್ಳುತ್ತದೆ, ನಮಗೆ 1 ಮಿಲಿಸೆಕೆಂಡ್ ಅಂದರೆ 4 ಮಿಲಿಮೀಟರ್ ಓಟ. ನೀಲಿ ಸ್ಕ್ರೂ ಇರುವ ರೆಡಿಮೇಡ್ ಐಆರ್ ಮಾಡ್ಯೂಲ್ ಕೂಡ ಬೇಡ. ಅದು ಕಾರಿನ ಮೈಗೆ ಬಡಿದು ವಾಪಸ್ ಬಂದ ಬೆಳಕು ನೋಡುತ್ತದೆ. ಬಿಳಿ ಕಾರು ಬೇಗ ಕಾಣುತ್ತದೆ, ಕಪ್ಪು ಕಾರು ತಡವಾಗಿ ಕಾಣುತ್ತದೆ, ಒಮ್ಮೊಮ್ಮೆ ಕಾಣುವುದೇ ಇಲ್ಲ. ಕಪ್ಪು ಬಣ್ಣ ಹಚ್ಚಿದ ಹುಡುಗ ಏನು ತಪ್ಪು ಮಾಡಿದ? ಕಿರಣ ಅಡ್ಡಗಟ್ಟುವ ವಿಧಾನವೇ ಸರಿ. ಅಲ್ಲಿ ಬಣ್ಣಕ್ಕೆ ಬೆಲೆಯಿಲ್ಲ. ಕಿರಣ ಮೇಲಿಂದ ಕೆಳಕ್ಕೆ ನೆಟ್ಟಗೆ ಇರಬೇಕು, ಲೇನಿಗೊಂದು. ಟ್ರ್ಯಾಕಿಗೆ ಅಡ್ಡಲಾಗಿ ಒಂದೇ ಕಿರಣ ಹಾಯಿಸಿದರೆ ಮೊದಲ ಕಾರಿನ ಸಮಯ ಮಾತ್ರ ಸಿಗುತ್ತದೆ.

ಈಗ ಮುಖ್ಯ ವಿಷಯ. ಸಾಮಾನ್ಯವಾಗಿ ಸೆನ್ಸರನ್ನು ಟ್ರ್ಯಾಕಿನ ತೂತಿನಲ್ಲಿ ಮೇಲ್ಮುಖವಾಗಿ ಕೂರಿಸಿ, ಮೇಲಿನ ಕಮಾನಿನಲ್ಲಿ ಲೈಟ್ ಕಟ್ಟುತ್ತಾರೆ. ನಮ್ಮಲ್ಲಿ ಅದನ್ನು ತಲೆಕೆಳಗು ಮಾಡಿ. ಎಲ್‌ಇಡಿ ಕೆಳಗೆ, ಸೆನ್ಸರ್ ಮೇಲೆ, ಮುಖ ನೆಲದ ಕಡೆ. ಸೂರ್ಯನ ಬೆಳಕಿನಲ್ಲಿ ಐಆರ್ ಬೇಕಾದಷ್ಟು ಇರುತ್ತದೆ. ಆಕಾಶ ನೋಡುತ್ತಾ ಮಲಗಿದ ಸೆನ್ಸರಿಗೆ ನಮ್ಮ ಪುಟ್ಟ ಎಲ್‌ಇಡಿಯ ಬೆಳಕು ಲೆಕ್ಕಕ್ಕೇ ಬರುವುದಿಲ್ಲ. ಕೆಳಗೆ ನೋಡುವ ಸೆನ್ಸರಿಗೆ ನೇರ ಬಿಸಿಲು ತಾಗುವುದಿಲ್ಲ. ಎರೆ ಮಣ್ಣಿನ ಧೂಳು ಕೂಡ ಅದರ ಮೇಲೆ ಕೂರುವುದಿಲ್ಲ, ಕೆಳಗಿನ ಎಲ್‌ಇಡಿ ಮೇಲೆ ಕೂತಿದ್ದನ್ನು ಬಟ್ಟೆಯಿಂದ ಒರೆಸಿದರೆ ಮುಗಿಯಿತು.

ಅಷ್ಟೇ ಸಾಲದು. ಟ್ರ್ಯಾಕಿನ ಮೇಲೆ ಬಿದ್ದ ಬಿಸಿಲು ಮೇಲಕ್ಕೆ ಹಾರುತ್ತದಲ್ಲ, ಅದನ್ನೂ ತಡೆಯಬೇಕು. ಆಂಟೆನಾ ಕೊಳವೆಯನ್ನು 3 ಸೆಂಟಿಮೀಟರ್ ಉದ್ದಕ್ಕೆ ನಾಲ್ಕು ತುಂಡು ಮಾಡಿ, ಪ್ರತಿಯೊಂದರ ಮೇಲ್ತುದಿಯಲ್ಲಿ ಒಂದು ಸೆನ್ಸರ್ ಕೂರಿಸಿ, ಕೊಳವೆಯ ಬಾಯಿ ಕೆಳಕ್ಕೆ ಬರುವಂತೆ ಕಮಾನಿಗೆ ಬಿಗಿಯಿರಿ. ಸೆನ್ಸರಿಗೆ ಈಗ ತನ್ನ ಕೆಳಗಿನ ಸಣ್ಣ ಜಾಗ ಮಾತ್ರ ಕಾಣುತ್ತದೆ, ಪಕ್ಕದ ಲೇನಿನ ಎಲ್‌ಇಡಿ ಕೂಡ ಕಾಣುವುದಿಲ್ಲ. ಕಾಲುಗಳು ಲೋಹಕ್ಕೆ ತಾಗಿ ಶಾರ್ಟ್ ಆಗದಂತೆ ಸ್ಲೀವ್ ಹಾಕಿ. ಪ್ಲಾಸ್ಟಿಕ್ ಕೊಳವೆ ಬೇಡ ಅನ್ನುವುದಕ್ಕೆ ಕಾರಣವಿದೆ: ಕಣ್ಣಿಗೆ ಕಪ್ಪಗೆ ಕಾಣುವ ಎಷ್ಟೋ ಪ್ಲಾಸ್ಟಿಕ್ ಐಆರ್ ಬೆಳಕನ್ನು ಸುಮ್ನೆ ಒಳಗೆ ಬಿಡುತ್ತದೆ. ಕೊನೆಗೆ ಕಮಾನಿನ ಎರಡೂ ಕಡೆ ಅರ್ಧ ಅಡಿಯಷ್ಟು ಪ್ಲೈವುಡ್ ಚಾಚಿ, ಆ ಜಾಗಕ್ಕೆ ನೆರಳು ಬೀಳಲಿ. ಬೇವಿನ ಮರದ ನೆರಳು ಇದೆಯಲ್ಲ ಅನ್ನಬೇಡಿ. ಗಾಳಿಗೆ ಎಲೆ ಅಲುಗಿದಂತೆ ಬಿಸಿಲಿನ ಚುಕ್ಕೆಗಳು ಓಡಾಡುತ್ತವೆ, ಸೆನ್ಸರಿಗೆ ಅದು ಪೂರ್ತಿ ಬಿಸಿಲಿಗಿಂತ ಜಾಸ್ತಿ ಕಾಟ.

ವೈರಿಂಗ್ ಹೀಗೆ. ಎಲ್‌ಇಡಿಯ ಉದ್ದ ಕಾಲು 220 ಓಮ್ ಮೂಲಕ 5 ವೋಲ್ಟಿಗೆ, ಗಿಡ್ಡ ಕಾಲು ಗ್ರೌಂಡಿಗೆ. ಐಆರ್ ಎಲ್‌ಇಡಿ ಸುಮಾರು 1.2 ವೋಲ್ಟ್ ತಗೊಳ್ಳುತ್ತದೆ, ಉಳಿದ 3.8 ವೋಲ್ಟನ್ನು 220ರಿಂದ ಭಾಗಿಸಿದರೆ 17 ಮಿಲಿಆಂಪಿಯರ್, ಸಾಕು. ಸೆನ್ಸರಿನಲ್ಲಿ ಸಾಮಾನ್ಯವಾಗಿ ಉಲ್ಟಾ: ಉದ್ದ ಕಾಲು ಗ್ರೌಂಡಿಗೆ, ಗಿಡ್ಡ ಕಾಲು ಆರ್ಡಿನೋ ಪಿನ್ನಿಗೆ, ಅದೇ ಪಿನ್ನಿನಿಂದ 10 ಕಿಲೋ ಓಮ್ ರೆಸಿಸ್ಟರ್ 5 ವೋಲ್ಟಿಗೆ. ಬೆಳಕು ಬಿದ್ದಾಗ ಪಿನ್ ಲೋ (ಸೊನ್ನೆ ವೋಲ್ಟಿನ ಹತ್ತಿರ), ಕಾರು ಅಡ್ಡ ಬಂದಾಗ ಹೈ (5 ವೋಲ್ಟಿನ ಹತ್ತಿರ). ನಾಲ್ಕು ಲೇನನ್ನೂ ಎ0ಯಿಂದ ಎ3ರವರೆಗಿನ ಪಿನ್ನುಗಳಿಗೇ ಕೊಡಿ. ಯಾಕೆ ಅಂತ ಮುಂದೆ ಗೊತ್ತಾಗುತ್ತದೆ. ಎಲ್‌ಇಡಿ ಉರಿಯುತ್ತಿದೆಯಾ ಅಂತ ಕಣ್ಣಿಗೆ ಕಾಣುವುದಿಲ್ಲ. ಫೋನಿನ ಸೆಲ್ಫಿ ಕ್ಯಾಮೆರಾದಲ್ಲಿ ನೋಡಿ, ನೇರಳೆ ಬಣ್ಣದಲ್ಲಿ ಕಾಣಬೇಕು. ಫೋನಿನ ಹಿಂಬದಿಯ ಕ್ಯಾಮೆರಾಗಳಲ್ಲಿ ಐಆರ್ ತಡೆಯುವ ಫಿಲ್ಟರ್ ಇರುವುದರಿಂದ ಎಷ್ಟೋ ಸಲ ಕಾಣುವುದಿಲ್ಲ.

ಈಗ ಅಳೆಯಿರಿ, ಈ ಹಂತ ಬಿಡಬೇಡಿ. ಎ0ಯಿಂದ ಎ3ರವರೆಗಿನ ಅನಲಾಗ್ ಬೆಲೆಯನ್ನು ಲ್ಯಾಪ್‌ಟಾಪಿನ ಸೀರಿಯಲ್ ಮಾನಿಟರಿನಲ್ಲಿ ತೋರಿಸುವ ಒಂದು ಸಣ್ಣ ಪ್ರೋಗ್ರಾಂ ಹಾಕಿ, ರೇಸ್ ನಡೆಯುವ ಜಾಗದಲ್ಲೇ, ರೇಸ್ ನಡೆಯುವ ಹೊತ್ತಿನಲ್ಲೇ ನೋಡಿ. ಆರ್ಡಿನೋದ ಚಿಪ್ 1.5 ವೋಲ್ಟಿಗಿಂತ ಕಡಿಮೆ ಇದ್ದರೆ ಖಂಡಿತ ಲೋ ಅನ್ನುತ್ತದೆ, 3 ವೋಲ್ಟ್ ಮೇಲಿದ್ದರೆ ಖಂಡಿತ ಹೈ ಅನ್ನುತ್ತದೆ. 0ಯಿಂದ 5 ವೋಲ್ಟನ್ನು 0ಯಿಂದ 1023 ಅಂತ ಎಣಿಸುವ ಅನಲಾಗ್ ಲೆಕ್ಕದಲ್ಲಿ ಇವು ಸುಮಾರು 307 ಮತ್ತು 614. ಕಿರಣ ಬಿದ್ದಾಗ 200ರ ಕೆಳಗೆ, ಕಾರು ಅಡ್ಡ ಇಟ್ಟಾಗ 800ರ ಮೇಲೆ ಬಂದರೆ ನೆಮ್ಮದಿ. ಕಿರಣ ಬಿದ್ದಾಗಲೂ ಬೆಲೆ ಇಳಿಯದಿದ್ದರೆ 10 ಕಿಲೋ ಬದಲು 47 ಕಿಲೋ ಹಾಕಿ. ಅಗ್ಗದ ಜೋಡಿಯಲ್ಲಿ ಬರುವ ಕಪ್ಪು ಸೆನ್ಸರ್ ಎಷ್ಟೋ ಸಲ ಫೋಟೋ ಡಯೋಡ್ ಆಗಿರುತ್ತದೆ, ಅದಕ್ಕೆ 100 ಕಿಲೋ ಬೇಕಾಗಬಹುದು. ಕಾರು ಅಡ್ಡ ಇಟ್ಟಾಗ ಬೆಲೆ ಏರದಿದ್ದರೆ ಬಿಸಿಲು ಇನ್ನೂ ಒಳಗೆ ಬರುತ್ತಿದೆ ಅಂತ ಅರ್ಥ. ಆಗ ರೆಸಿಸ್ಟರ್ ಬದಲಿಸುತ್ತಾ ಕೂರಬೇಡಿ, ನೆರಳು ಸರಿ ಮಾಡಿ.

ಸ್ಟಾರ್ಟ್ ಗೇಟು ಒಂದೇ ಪಟ್ಟಿಯದ್ದಾಗಿರಬೇಕು, ಬಾಗಿಲಿನ ಕೀಲು ಹಾಕಿ ನಾಲ್ಕೂ ಲೇನಿಗೆ ಒಟ್ಟಿಗೆ ಬೀಳುವಂತೆ. ಸೈಕಲ್ ಟ್ಯೂಬಿನ ಪಟ್ಟಿಯಿಂದ ಕೆಳಕ್ಕೆ ಎಳೆದು ಕಟ್ಟಿ, ಕಾರಿಗಿಂತ ಗೇಟು ವೇಗವಾಗಿ ಸರಿಯಬೇಕು. ಮುಚ್ಚಿದ ಗೇಟು ಮೈಕ್ರೋಸ್ವಿಚ್ಚನ್ನು ಒತ್ತಿಕೊಂಡಿರಲಿ, ಬೀಳಲು ಶುರುವಾದ ಕೂಡಲೇ ಸ್ವಿಚ್ ಬಿಡಲಿ. ಇಲ್ಲಿಂದ ಬೋರ್ಡಿಗೆ ವೈರು ಉದ್ದ, ಹಾಗಾಗಿ ಲ್ಯಾನ್ ಕೇಬಲ್ಲಿನ ಒಂದು ಹೆಣೆದ ಜೋಡಿಯಲ್ಲಿ ಒಂದು ಎಳೆ ಸಿಗ್ನಲ್, ಇನ್ನೊಂದು ಗ್ರೌಂಡ್. ಬೋರ್ಡಿನ ಹತ್ತಿರ ಸಿಗ್ನಲ್ ಎಳೆಯಿಂದ 5 ವೋಲ್ಟಿಗೆ 1 ಕಿಲೋ ಓಮ್ ಪುಲ್‌ಅಪ್, ಗ್ರೌಂಡಿಗೆ 0.1 ಮೈಕ್ರೋಫ್ಯಾರಡ್ ಕೆಪಾಸಿಟರ್. ಪಕ್ಕದಲ್ಲಿ ಫ್ಯಾನೋ ಮೈಕ್ ಸೆಟ್ಟೋ ಆನ್ ಆದಾಗ ಟೈಮರ್ ತಾನಾಗೇ ಶುರುವಾಗುವ ತೊಂದರೆ ಇದರಿಂದ ತಪ್ಪುತ್ತದೆ.

ಪ್ರೋಗ್ರಾಂ ಮೂರು ಸ್ಥಿತಿಗಳಲ್ಲಿ ನಡೆಯುತ್ತದೆ: ಕಾಯುವುದು, ಓಟ, ಫಲಿತಾಂಶ. ಕಾಯುವಾಗ ಗೇಟು ಮುಚ್ಚಿದೆಯಾ, ನಾಲ್ಕೂ ಲೇನು ಲೋ ಇದೆಯಾ ಅಂತ ನೋಡಿ, ಎರಡೂ ಸರಿಯಿದ್ದರೆ ಮಾತ್ರ ಹಸಿರು ದೀಪ ಹಚ್ಚಿ. ನಮ್ಮ ವೈರಿಂಗಿನಲ್ಲಿ ಸೆನ್ಸರಿನ ವೈರು ಕಿತ್ತುಹೋದರೆ ಪಿನ್ ಹೈ ಆಗುತ್ತದೆ, ಅಂದರೆ ದೀಪ ಹತ್ತುವುದಿಲ್ಲ, ರೇಸಿಗೆ ಮುಂಚೆಯೇ ಗೊತ್ತಾಗುತ್ತದೆ. ಗೇಟಿನ ಪಿನ್ ಮೊದಲ ಸಲ ಹೈ ಆದ ಕ್ಷಣದ ಮೈಕ್ರೋಸ್ ಬೆಲೆಯನ್ನು (ಬೋರ್ಡ್ ಆನ್ ಆಗಿ ಎಷ್ಟು ಮೈಕ್ರೋಸೆಕೆಂಡ್ ಆಯಿತು ಅನ್ನುವ ಎಣಿಕೆ) ಬರೆದಿಟ್ಟುಕೊಂಡು ಓಟದ ಸ್ಥಿತಿಗೆ ಹೋಗಿ. ಆಮೇಲೆ ಸ್ವಿಚ್ ಎಷ್ಟೇ ನಡುಗಲಿ, ಅದರ ಕಡೆ ನೋಡಬೇಡಿ. ಓಟದಲ್ಲಿ ಒಂದೇ ಕೆಲಸ: ಪಿನ್‌ಸಿ (PINC) ಎಂಬ ರಿಜಿಸ್ಟರನ್ನು, ಅಂದರೆ ಹಲವು ಪಿನ್ನುಗಳ ಸ್ಥಿತಿ ಒಟ್ಟಿಗೆ ಸಿಗುವ ಚಿಪ್ಪಿನೊಳಗಿನ ಜಾಗವನ್ನು, ಓದುವುದು. ಎ0ಯಿಂದ ಎ3 ಅದರ ಕೆಳಗಿನ 4 ಬಿಟ್‌ಗಳು, ಒಂದೇ ಓದಿನಲ್ಲಿ ನಾಲ್ಕೂ ಲೇನು ಒಂದೇ ಕ್ಷಣಕ್ಕೆ ಸಿಗುತ್ತವೆ. ಯಾವ ಲೇನು ಹೈ ಆಯಿತೋ ಅದರ ಸಮಯ ಬರೆದುಕೊಳ್ಳಿ, ಅರ್ಧ ಮಿಲಿಸೆಕೆಂಡ್ ಆದ ಮೇಲೂ ಹೈ ಇದ್ದರೆ ಖಾಯಂ ಮಾಡಿ, ಇಲ್ಲದಿದ್ದರೆ ಅಳಿಸಿ. 15 ಸೆಂಟಿಮೀಟರಿನ ಕಾರು ಕಿರಣವನ್ನು 37 ಮಿಲಿಸೆಕೆಂಡ್ ಮುಚ್ಚಿರುತ್ತದೆ, ಹಾಗಾಗಿ ನಿಜವಾದ ಕಾರು ಇದರಲ್ಲಿ ತಪ್ಪಿಸಿಕೊಳ್ಳುವುದಿಲ್ಲ. 10 ಸೆಕೆಂಡ್ ಆದರೂ ಬರದ ಲೇನಿಗೆ ಗೆರೆ ಎಳೆದು ಫಲಿತಾಂಶಕ್ಕೆ ಹೋಗಿ, ಮೂರೇ ಮಕ್ಕಳಿದ್ದಾಗ ಇದು ಬೇಕಾಗುತ್ತದೆ.

ಪಿನ್ ಬದಲಾದ ಕೂಡಲೇ ಚಿಪ್ ಮಾಡುತ್ತಿದ್ದ ಕೆಲಸ ಬಿಟ್ಟು ಅದನ್ನು ನೋಡುವ ಇಂಟರಪ್ಟ್ ಬೇಡವಾ? ಇಷ್ಟಕ್ಕೆ ಬೇಡ. ಯೂನೋದಲ್ಲಿ ಮೈಕ್ರೋಸ್ 4 ಮೈಕ್ರೋಸೆಕೆಂಡಿನ ಹೆಜ್ಜೆಯಲ್ಲಿ ಎಣಿಸುತ್ತದೆ, ನಮ್ಮ ಲೂಪ್ ಒಂದು ಸುತ್ತು ಮುಗಿಸಲು ಹತ್ತಾರು ಮೈಕ್ರೋಸೆಕೆಂಡ್ ಸಾಕು. ಓಟ ನಡೆಯುವಾಗ ಲೂಪ್ ಬೇರೆ ಯಾವ ಕೆಲಸಕ್ಕೂ ಹೋಗದಿದ್ದರೆ ಸಾಕು. ಡಿಸ್‌ಪ್ಲೇ ಮೇಲೆ ಸೆಕೆಂಡುಗಳು ಓಡುತ್ತಿರಲಿ ಅಂತ ಮಕ್ಕಳು ಆಸೆಯಿಂದ ಕೇಳುತ್ತಾರೆ. ಕೊಡಬೇಡಿ. ಐ2ಸಿ ಎಲ್‌ಸಿಡಿಗೆ ಎರಡು ಸಾಲು ಪೂರ್ತಿ ಬರೆಯಲು 30 ಮಿಲಿಸೆಕೆಂಡಿನಷ್ಟು ಹಿಡಿಯಬಹುದು, ಆ ಹೊತ್ತು ಬೋರ್ಡ್ ಲೇನುಗಳನ್ನು ನೋಡುತ್ತಲೇ ಇರುವುದಿಲ್ಲ, 12 ಸೆಂಟಿಮೀಟರ್ ಓಟ ಲೆಕ್ಕ ತಪ್ಪುತ್ತದೆ. ಎಲ್ಲ ಕಾರು ಬಂದ ಮೇಲೆ ಬರೆಯಿರಿ. ಸಮಯ ಇಡುವ ವೇರಿಯಬಲ್‌ಗಳು ಅನ್‌ಸೈನ್ಡ್ ಲಾಂಗ್ (ಮೈನಸ್ ಇಲ್ಲದ ದೊಡ್ಡ ಪೂರ್ಣಾಂಕ) ಆಗಿರಲಿ. ಮೈಕ್ರೋಸ್ ಸುಮಾರು 71 ನಿಮಿಷಕ್ಕೊಮ್ಮೆ ಸೊನ್ನೆಗೆ ಬರುತ್ತದೆ. ಕೊನೆಯ ಸಮಯದಿಂದ ಶುರುವಿನ ಸಮಯ ಕಳೆದರೆ ಆಗಲೂ ಉತ್ತರ ಸರಿಯಾಗೇ ಬರುತ್ತದೆ.

ಯೂನೋದ ಗಡಿಯಾರ ಸೆರಾಮಿಕ್ ರೆಸೋನೇಟರಿನದ್ದು, ಅರ್ಧ ಪರ್ಸೆಂಟ್ ಆಚೀಚೆ ಇರಬಹುದು. 3 ಸೆಕೆಂಡಿನ ಓಟದಲ್ಲಿ ಅದು 15 ಮಿಲಿಸೆಕೆಂಡ್. ಹೆದರಬೇಕಿಲ್ಲ, ನಾಲ್ಕೂ ಲೇನಿಗೆ ಅದೇ ಗಡಿಯಾರ, ಹಾಗಾಗಿ ಯಾರು ಮೊದಲು ಅನ್ನುವುದು ಬದಲಾಗುವುದಿಲ್ಲ. ನಿಜವಾಗಿ ಮೋಸ ಆಗುವುದು ಬಡಗಿ ಕೆಲಸದಲ್ಲಿ. ನಾಲ್ಕು ತೂತುಗಳಲ್ಲಿ ಒಂದು 4 ಮಿಲಿಮೀಟರ್ ಮುಂದಿದ್ದರೆ ಆ ಲೇನಿಗೆ 1 ಮಿಲಿಸೆಕೆಂಡ್ ಪುಕ್ಕಟೆ ಸಿಕ್ಕಿತು ಅಥವಾ ಹೋಯಿತು. ಮೂಲೆಮಟ್ಟ ಇಟ್ಟು ಗೆರೆ ಎಳೆದು, ಚೂಪು ಮೊಳೆಯಿಂದ ಗುರುತು ಹೊಡೆದು, ಆಮೇಲೆ ಡ್ರಿಲ್ ಹಿಡಿಯಿರಿ. ನೇರವಾದ ಒಂದು ಮರದ ಪಟ್ಟಿಯನ್ನು ಅಡ್ಡಲಾಗಿ ಹಿಡಿದು ನಾಲ್ಕೂ ಕಿರಣದ ಮೂಲಕ ಜೋರಾಗಿ ತಳ್ಳಿದರೆ ನಾಲ್ಕೂ ಸಮಯ ಹತ್ತಿರ ಹತ್ತಿರ ಬರಬೇಕು. ಪದೇ ಪದೇ ಒಂದೇ ಲೇನು ಮುಂದೆ ಬಂದರೆ ಅದರ ಕೊಳವೆ ಸರಿ ಮಾಡಿ. ಫೋನಿನಲ್ಲಿ 240 ಫ್ರೇಮಿನ ಸ್ಲೋ ಮೋಷನ್ ಇದ್ದರೆ ಗೆರೆಯ ನೇರಕ್ಕೆ ಇಟ್ಟು ಒಂದೆರಡು ರೇಸ್ ತಾಳೆ ನೋಡಿ. ಒಂದು ಫ್ರೇಮ್ ಅಂದರೆ ಸುಮಾರು 4 ಮಿಲಿಸೆಕೆಂಡ್, ಅದಕ್ಕಿಂತ ಜಾಸ್ತಿ ಅಂತರ ಇದ್ದ ಕಾರುಗಳ ಕ್ರಮ ಎರಡರಲ್ಲೂ ಒಂದೇ ಇರಬೇಕು.

ಎಷ್ಟೇ ಜಾಣತನದಿಂದ ಕಟ್ಟಿದರೂ ನಾಲ್ಕು ಲೇನು ಅಚ್ಚು ಹೊಡೆದಂತೆ ಇರುವುದಿಲ್ಲ. ಅದಕ್ಕೆ ಪ್ರತಿ ಕಾರನ್ನೂ ನಾಲ್ಕೂ ಲೇನಿನಲ್ಲಿ ಒಮ್ಮೊಮ್ಮೆ ಓಡಿಸಿ, ನಾಲ್ಕು ಸಮಯ ಕೂಡಿಸಿ. ಕಡಿಮೆ ಮೊತ್ತದವರು ಗೆದ್ದರು. ಒಂದೇ ಓಟದಲ್ಲಿ 1 ಮಿಲಿಸೆಕೆಂಡಿಗಿಂತ ಕಡಿಮೆ ಅಂತರ ಬಂದರೆ ನಾನು ಸಮ ಅಂತಲೇ ಬರೆಯುತ್ತೇನೆ, ಆ ಮಟ್ಟದಲ್ಲಿ ಗೆದ್ದದ್ದು ಕಾರೋ ತೂತೋ ಹೇಳಲಾಗುವುದಿಲ್ಲ. ಅಂಕಿಗಳನ್ನು ಒಬ್ಬ ಹುಡುಗನೋ ಹುಡುಗಿಯೋ ಕರಿಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಎಲ್ಲರಿಗೂ ಕಾಣುವಂತೆ ಬರೆಯಲಿ.

ಕರೆಂಟಿನ ಚಿಂತೆ ಬೇಡ, ಪವರ್ ಬ್ಯಾಂಕ್ ಸಾಕು. ಕಡಿಮೆ ಕರೆಂಟ್ ಎಳೆದರೆ ಕೆಲವು ಪವರ್ ಬ್ಯಾಂಕ್ ತಾನಾಗೇ ಆಫ್ ಆಗುತ್ತವೆ, ಆದರೆ ನಾಲ್ಕು ಎಲ್‌ಇಡಿ ಮತ್ತು ಬೋರ್ಡ್ ಸೇರಿ 100 ಮಿಲಿಆಂಪಿಯರ್ ದಾಟುವುದರಿಂದ ಸಾಮಾನ್ಯವಾಗಿ ತೊಂದರೆ ಆಗುವುದಿಲ್ಲ, ಮೊದಲೇ ಅರ್ಧ ಗಂಟೆ ಇಟ್ಟು ನೋಡಿಕೊಳ್ಳಿ. ಪವರ್ ಬ್ಯಾಂಕನ್ನೂ ಬೋರ್ಡನ್ನೂ ಟ್ರ್ಯಾಕಿನ ಕೆಳಗೆ ನೆರಳಲ್ಲಿ ಕಟ್ಟಿ. ಆಷಾಢದ ಗಾಳಿಯಲ್ಲಿ ಮಾತ್ರ ಹೊರಗೆ ಆಡಿಸಬೇಡಿ, ಹಗುರ ಮರದ ಕಾರು ಪಕ್ಕಕ್ಕೆ ಸರಿದು ಪಟ್ಟಿಗೆ ಉಜ್ಜುತ್ತದೆ, ಗಾಳಿ ಕಡೆಯ ಲೇನಿಗೆ ಪೆಟ್ಟು ಜಾಸ್ತಿ. ಆಟ ಮುಗಿದ ಮೇಲೆ ಕೊಳವೆಗಳ ಬಾಯಿಗೆ ಪೇಪರ್ ಟೇಪ್ ಹಚ್ಚಿ ಇಡಿ, ಇಲ್ಲದಿದ್ದರೆ ಮುಂದಿನ ಸಲ ತೆಗೆಯುವಷ್ಟರಲ್ಲಿ ಜೇಡ ಒಳಗೆ ಬಲೆ ಕಟ್ಟಿರುತ್ತದೆ. ಟೇಪ್ ತೆಗೆಯುವುದು ಮರೆತರೂ ಚಿಂತೆಯಿಲ್ಲ, ಹಸಿರು ದೀಪ ಹತ್ತುವುದಿಲ್ಲ.