ವರ್ಷಕ್ಕೊಮ್ಮೆ ಬರುವ ದುಡ್ಡು, ತಿಂಗಳಿಗೊಂದು ಕಂತು

ಮೂಡಿಗೆರೆ ಕಡೆ ನಮ್ಮದು ಸಣ್ಣ ತೋಟ. ಕಾಫಿ, ಮರಕ್ಕೆ ಹಬ್ಬಿಸಿದ ಮೆಣಸು, ಅಷ್ಟೇ. ಉಳಿತಾಯದ ಬಗ್ಗೆ ಕೇಳಿದರೆ ಎಲ್ಲರೂ ಹೇಳುವುದು ಒಂದೇ: ಸಂಬಳ ಬಂದ ದಿನವೇ ಒಂದಿಷ್ಟು ಎತ್ತಿಡಿ. ತೋಟದವರಿಗೆ ಸಂಬಳದ ದಿನ ಎಲ್ಲಿದೆ? ಕುಯ್ಲು ಮುಗಿದು, ಕಣದಲ್ಲಿ ಒಣಗಿ, ಚೀಲ ಕಟ್ಟಿ ಮಾರಿದ ಮೇಲೆ ದುಡ್ಡು. ಅದು ಬರುವುದು ಹೆಚ್ಚುಕಮ್ಮಿ ಜನವರಿಯಿಂದ ಮಾರ್ಚ್ ಒಳಗೆ. ಆಮೇಲೆ ಮುಂದಿನ ಕುಯ್ಲಿನವರೆಗೆ ಬರೀ ಖರ್ಚು.

ಯುಗಾದಿಗೆ ಕೈ ತುಂಬಿರುತ್ತದೆ. ಏಪ್ರಿಲ್, ಮೇ ಮದುವೆಗಳ ಕಾಲ. ಮಳೆ ಹಿಡಿಯುವ ಮುಂಚೆ ಗೊಬ್ಬರ, ಸ್ಪ್ರೇಗೆ ಮೈಲುತುತ್ತ, ಸುಣ್ಣ, ಮರಗಸಿಯ (ನೆರಳಿನ ಮರದ ಕೊಂಬೆ ಕಡಿಯುವ) ಕೂಲಿ. ಅಷ್ಟರಲ್ಲಿ ಶಾಲೆ ಫೀಸು. ಗೌರಿ ಹಬ್ಬದ ಹೊತ್ತಿಗೆ ಕೈ ಖಾಲಿ. ಆಗ ಬರುವ ಬೆಳೆಯ ಮೇಲೆ ವ್ಯಾಪಾರಿಯ ಹತ್ತಿರ ಮುಂಗಡ ತರುವವರು ನಮ್ಮ ಸುತ್ತಮುತ್ತ ಬಹಳ. ಮುಂಗಡ ತಂದ ಮೇಲೆ ಕಾಫಿಯನ್ನು ಅವರಿಗೇ ಹಾಕಬೇಕು, ರೇಟು ಕೇಳಲು ಬಾಯಿ ಬರುವುದಿಲ್ಲ. ನಮ್ಮ ಕಡೆಯ ಸಾಲ ಹೆಚ್ಚಾಗಿ ಹುಟ್ಟುವುದು ಈ ಖಾಲಿ ತಿಂಗಳುಗಳಲ್ಲಿ. ಜನ ದುಂದು ಮಾಡಿ ಹಾಳಾದರು ಅಂತ ಸುಮ್ನೆ ಹೇಳುವುದನ್ನು ನಾನು ಒಪ್ಪುವುದಿಲ್ಲ.

ನಮಗೆ ದಾರಿ ತೋರಿಸಿದ್ದು ಮಾವ ಹೇಳಿದ ಒಂದು ಹಳೇ ವಿಷಯ. ಅವರ ಕಾಲದಲ್ಲಿ ಬೆಳೆಗಾರರು ಕಾಫಿಯನ್ನು ಕಾಫಿ ಬೋರ್ಡಿನ ಪೂಲ್‌ಗೇ, ಅಂದರೆ ಎಲ್ಲರ ಬೆಳೆ ಒಟ್ಟು ಸೇರುವ ದಾಸ್ತಾನಿಗೇ, ಕೊಡಬೇಕಿತ್ತು. ಬೋರ್ಡು ಅದನ್ನು ಮಾರಿ, ದುಡ್ಡನ್ನು ಕಂತು ಕಂತಾಗಿ ಕೊಡುತ್ತಿತ್ತು. 1990ರ ದಶಕದಲ್ಲಿ ಆ ಪದ್ಧತಿ ಸಡಿಲವಾಗುತ್ತಾ ಬಂದು 1996ರ ಹೊತ್ತಿಗೆ ಪೂರ್ತಿ ಹೋಯಿತು. ಈಗ ಯಾರಿಗೆ ಬೇಕಾದರೂ ಮಾರಬಹುದು, ದುಡ್ಡು ಒಂದೇ ಸಲ ಕೈಗೆ ಬರುತ್ತದೆ. "ಆಗ ಬೈಕೊಳ್ತಾ ಇದ್ವಿ ಕಣಮ್ಮ, ನಮ್ಮ ದುಡ್ಡು ನಮಗೆ ಕೊಡೋಕೆ ಇಷ್ಟು ಸತಾಯಿಸ್ತಾರಲ್ಲ ಅಂತ. ಆದರೆ ಮಳೆಗಾಲದಲ್ಲಿ ಒಂದು ಕಂತು ಬಂದರೆ ಜೀವ ಬಂದ ಹಾಗೆ ಆಗ್ತಿತ್ತು" ಅಂದರು ಮಾವ. ಪೂಲ್ ವಾಪಸ್ ಬರುವುದು ಬೇಡ, ಬೆಳೆಗಾರರು ಅದರಿಂದ ಅನುಭವಿಸಿದ್ದೂ ಇದೆ. ಕಂತು ಮಾತ್ರ ಒಳ್ಳೆಯದು ಅನ್ನಿಸಿತು. ಅದನ್ನು ನಾವೇ ಮಾಡಿಕೊಂಡೆವು.

ಮಾಡಿದ್ದು ಹೀಗೆ. ಕಾಫಿ ಮಾರಿದ ದುಡ್ಡು ಹೋಗುವುದಕ್ಕೆ ಒಂದು ಖಾತೆ, ಮನೆ ಖರ್ಚಿಗೆ ಇನ್ನೊಂದು. ಮೊದಲನೆಯದಕ್ಕೆ ಎಟಿಎಂ ಕಾರ್ಡ್ ಇಲ್ಲ, ಫೋನ್‌ಪೇ ಜೋಡಿಸಿಲ್ಲ. ಬಂದ ದುಡ್ಡಿನಲ್ಲಿ ಮೊದಲು ಸೊಸೈಟಿಯ ಬೆಳೆಸಾಲ ತೀರುತ್ತದೆ. ಎರಡನೆಯದಾಗಿ ಮುಂದಿನ ವರ್ಷದ ತೋಟದ ಖರ್ಚು, ಅಂದರೆ ಗೊಬ್ಬರ, ಸ್ಪ್ರೇ ಮತ್ತು ಆಳುಗಳ ಬಟವಾಡೆ. ಬಟವಾಡೆಗೆ ಯಾವತ್ತೂ ಕೊರತೆ ಆಗಬಾರದು, ವಾರದ ಕೂಲಿ ನಂಬಿಕೊಂಡು ಅವರ ಮನೆಯೂ ನಡೆಯಬೇಕಲ್ವಾ? ಇಷ್ಟು ತೆಗೆದು ಉಳಿದದ್ದೇ ಮನೆಯ ಪಾಲು.

ಮನೆಯ ಪಾಲನ್ನು ಹದಿಮೂರು ಭಾಗ ಮಾಡುತ್ತೇವೆ. 2,60,000 ಉಳಿಯಿತು ಅಂದುಕೊಳ್ಳಿ, ಒಂದು ಭಾಗ 20,000 ಆಯಿತು. ಹನ್ನೆರಡು ಭಾಗ ಹನ್ನೆರಡು ತಿಂಗಳಿಗೆ. ಪ್ರತಿ ತಿಂಗಳು 1ನೇ ತಾರೀಕು ತಾನಾಗಿಯೇ ಮನೆ ಖಾತೆಗೆ ಹೋಗುವಂತೆ ಬ್ಯಾಂಕಿನಲ್ಲಿ ಬರೆದುಕೊಟ್ಟಿದ್ದೇವೆ. ಹದಿಮೂರನೆಯದು ಹಬ್ಬ, ಮದುವೆ, ಮುಯ್ಯಿಗೆ. ಮುಯ್ಯಿ ಪುಸ್ತಕವನ್ನು ವರ್ಷದ ಮೊದಲೇ ತೆಗೆದು, ಯಾರ ಮನೆಯಲ್ಲಿ ಕಾರ್ಯ ಇದೆ, ಅವರು ನಮಗೆ ಎಷ್ಟು ಹಾಕಿದ್ದರು ಅಂತ ನೋಡಿಕೊಳ್ಳುತ್ತೇನೆ. ಮುಯ್ಯಿ ತೀರಿಸುವುದು ಮರ್ಯಾದೆಯ ವಿಷಯ. ಅದಕ್ಕಾಗಿ ಕೈಸಾಲ ಮಾಡುವ ಹಾಗಾಗಬಾರದು.

ರೇಟು ಏರಿದ ವರ್ಷ ಇನ್ನೂ ಎಚ್ಚರ ಬೇಕು. 2025ರ ಆರಂಭದಲ್ಲಿ 50 ಕೆ.ಜಿ. ಅರೇಬಿಕಾ ಪಾರ್ಚ್‌ಮೆಂಟ್ (ಹಣ್ಣಿನ ಸಿಪ್ಪೆ ತೆಗೆದು ತೊಳೆದು ಒಣಗಿಸಿದ ಕಾಫಿ) ಚೀಲ 25,000 ರೂಪಾಯಿ ದಾಟಿತು. ಕೆಲವೇ ವರ್ಷದ ಹಿಂದೆ ಅದೇ ಚೀಲ 10,000ದ ಆಸುಪಾಸಿನಲ್ಲಿತ್ತು. ಏರಿದ್ದು ಇಳಿಯುತ್ತದೆ. 2000ದ ನಂತರದ ವರ್ಷಗಳಲ್ಲಿ ರೇಟು ಪಾತಾಳಕ್ಕೆ ಬಿದ್ದದ್ದನ್ನು ಇಲ್ಲಿನ ಹಿರಿಯರು ಯಾರೂ ಮರೆತಿಲ್ಲ. ಹಾಗಾಗಿ ಒಳ್ಳೆ ರೇಟು ಬಂದರೂ ತಿಂಗಳ ಕಂತನ್ನು ಏರಿಸುವುದಿಲ್ಲ. ಜಾಸ್ತಿ ಬಂದದ್ದು ಎಫ್‌ಡಿಗೆ ಹೋಗುತ್ತದೆ. ಅದನ್ನೂ ಒಂದೇ ದೊಡ್ಡ ಎಫ್‌ಡಿ ಮಾಡದೆ ಸಣ್ಣ ಸಣ್ಣದಾಗಿ ಇಡುತ್ತೇವೆ. ಆಸ್ಪತ್ರೆಗೆ 40,000 ಬೇಕಾದಾಗ 50,000ದ ಒಂದನ್ನು ಮುರಿದರೆ ಸಾಕು, ಉಳಿದವುಗಳ ಬಡ್ಡಿ ಹಾಗೇ ಇರುತ್ತದೆ.

ಮೆಣಸಿನ ವಿಷಯ ಬೇರೆ. ಕಾಫಿಯನ್ನು ಮಳೆಗಾಲ ದಾಟಿಸುವುದು ಕಷ್ಟ, ನಮ್ಮ ಮಲೆನಾಡಿನ ತೇವಕ್ಕೆ ಮುಗ್ಗಲು ಹಿಡಿದು ಬಣ್ಣ ಕೆಡುತ್ತದೆ. ಚೆನ್ನಾಗಿ ಒಣಗಿಸಿ, ಗಾಳಿಯಾಡದಂತೆ ಕಟ್ಟಿ, ನೆಲಕ್ಕೆ ತಾಗದಂತೆ ಹಲಗೆ ಮೇಲಿಟ್ಟ ಮೆಣಸು ವರ್ಷ ಕಳೆದರೂ ಕೆಡುವುದಿಲ್ಲ. ಆದ್ದರಿಂದ ಕಾಫಿಯನ್ನು ಬೇಸಿಗೆಯಲ್ಲೇ ಮಾರುತ್ತೇವೆ, ಮೆಣಸಿಗೆ ಕೈ ಹಾಕುವುದಿಲ್ಲ. ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಏನಾದರೂ ದಿಢೀರ್ ಖರ್ಚು ಬಂದರೆ ಒಂದು ಚೀಲ ಹೊರಗೆ ಬರುತ್ತದೆ. ಬರದಿದ್ದರೆ ದೀಪಾವಳಿವರೆಗೂ ಅಟ್ಟದಲ್ಲೇ ಇರುತ್ತದೆ. ಅಟ್ಟದಲ್ಲಿ ಮೆಣಸು ಇದ್ದವನು ಮುಂಗಡ ಕೇಳಲು ಹೋಗಬೇಕಾಗಿಲ್ಲ.

ಸಾಲವೇ ಬೇಡ ಅಂತ ನಾನು ಹೇಳುವುದಿಲ್ಲ. ಸೊಸೈಟಿಯ ಬೆಳೆಸಾಲ 5 ಲಕ್ಷದವರೆಗೆ, ಹೇಳಿದ ದಿನದೊಳಗೆ ಕಟ್ಟಿದರೆ ಬಡ್ಡಿಯೇ ಇಲ್ಲ. ಬ್ಯಾಂಕಿನ ಕಿಸಾನ್ ಕಾರ್ಡಿನಲ್ಲಿ 3 ಲಕ್ಷದವರೆಗಿನ ಬೆಳೆಸಾಲಕ್ಕೆ ಶೇ. 7, ಸಮಯಕ್ಕೆ ಕಟ್ಟಿದವರಿಗೆ ಶೇ. 4 ಬೀಳುತ್ತದೆ. ದಿನ ತಪ್ಪಿದರೆ ರಿಯಾಯಿತಿ ಹೋಯಿತು. ಆ ತಾರೀಕನ್ನು ಅಡುಗೆಮನೆ ಕ್ಯಾಲೆಂಡರಿನಲ್ಲಿ ಕೆಂಪು ಶಾಯಿಯಲ್ಲಿ ಬರೆದಿದ್ದೇನೆ. ಊರಿನ ಕೈಸಾಲದ ಲೆಕ್ಕ ನೋಡಿ. ನೂರಕ್ಕೆ ಮೂರು ರೂಪಾಯಿ ಬಡ್ಡಿ ಅಂದರೆ ಕೇಳಲು ಸಣ್ಣದು. ಅದು ತಿಂಗಳಿಗೆ, ವರ್ಷಕ್ಕೆ 36 ಆಯಿತು. ಗಣಪತಿ ಹಬ್ಬಕ್ಕೆ ತಂದ 50,000ಕ್ಕೆ ಆರು ತಿಂಗಳಲ್ಲಿ 9,000 ಬಡ್ಡಿ. ಅದರಲ್ಲಿ ಮಗುವಿನ ವರ್ಷದ ಪುಸ್ತಕ, ಬಟ್ಟೆ, ಬಸ್ ಪಾಸ್ ಎಲ್ಲಾ ಮುಗಿಯುತ್ತದೆ.

ವಾರದ ಕಂತಿನ ಸಾಲಗಳಿಗೆ ನಾನು ಸಹಿ ಹಾಕುವುದಿಲ್ಲ, ಗುಂಪಿನಲ್ಲಿ ಜಾಮೀನಾಗಿಯೂ ಹಾಕುವುದಿಲ್ಲ. ವಾರ ವಾರ ಕೂಲಿ ಬರುವ ಮನೆಗೆ ಅದು ಹೇಗೋ ಹೊಂದಬಹುದು. ವರ್ಷಕ್ಕೊಮ್ಮೆ ದುಡ್ಡು ನೋಡುವ ಮನೆ ಎರಡನೇ ವಾರದಿಂದಲೇ ಇನ್ನೊಂದು ಕಡೆ ಸಾಲ ತಂದು ಕಂತು ಕಟ್ಟಬೇಕಾಗುತ್ತದೆ. ಬಡ್ಡಿ ಕೇಳುವ ಮುಂಚೆ ಕಂತು ಯಾವಾಗ ಅಂತ ಕೇಳಿ.

ದಿನಸಿ ಅಂಗಡಿಯಲ್ಲಿ ಬರೆಸುವುದನ್ನು ನಿಲ್ಲಿಸಿದ್ದು ಸಣ್ಣದಾದರೂ ದೊಡ್ಡ ಫಲ ಕೊಟ್ಟಿತು. ಬರೆಸುವಾಗ ರೇಟು ಯಾರೂ ಕೇಳುವುದಿಲ್ಲ. ಈಗ ಸಂತೆಗೆ ನಗದು ತೆಗೆದುಕೊಂಡು ಹೋಗುತ್ತೇವೆ, ಅದು ಮುಗಿದರೆ ಸಂತೆಯೂ ಮುಗಿಯಿತು. ವಿಮೆಯನ್ನೂ ಬಿಟ್ಟಿಲ್ಲ. ಪ್ರಧಾನಮಂತ್ರಿ ಜೀವನ್ ಜ್ಯೋತಿಗೆ ವರ್ಷಕ್ಕೆ 436 ರೂಪಾಯಿ, ಅಪಘಾತದ ಸುರಕ್ಷಾ ವಿಮೆಗೆ 20 ರೂಪಾಯಿ. ಎರಡಕ್ಕೂ 2 ಲಕ್ಷದ ರಕ್ಷಣೆ. ಮೇ ತಿಂಗಳ ಕೊನೆಗೆ ಖಾತೆಯಿಂದ ಕಡಿತ ಆಗುತ್ತದೆ, ಆ ಹೊತ್ತಿಗೆ ಅಷ್ಟು ದುಡ್ಡು ಅಲ್ಲಿರಲಿ.

ಈಗಾಗಲೇ ಮುಂಗಡದಲ್ಲಿ ಸಿಕ್ಕಿಕೊಂಡವರು ನನ್ನನ್ನು ಕೇಳುತ್ತಾರೆ, "ಹನ್ನೆರಡು ತಿಂಗಳಿಗೆ ಎಲ್ಲಿಂದ ತರೋಣ ಅಕ್ಕಾ?" ಅಂತ. ಒಂದೇ ವರ್ಷದಲ್ಲಿ ಆಗುವುದಿಲ್ಲ, ನಮಗೂ ಆಗಲಿಲ್ಲ. ಮೊದಲ ಸಲ ಮಳೆಗಾಲದ ನಾಲ್ಕು ತಿಂಗಳಿಗೆ ಮಾತ್ರ ಎತ್ತಿಟ್ಟೆವು, ಜೂನ್‌ನಿಂದ ಸೆಪ್ಟೆಂಬರ್. ಆ ನಾಲ್ಕು ತಿಂಗಳು ಹೊಸ ಸಾಲ ತರದಿದ್ದರೆ ಕುಯ್ಲಿನಲ್ಲಿ ಕಾಫಿಯನ್ನು ನಮಗೆ ಬೇಕಾದ ಕಡೆ, ಬೇಕಾದ ರೇಟಿಗೆ ಮಾರಬಹುದು. ಹಾಗೆ ಸಿಕ್ಕ ಹೆಚ್ಚಿನ ದುಡ್ಡಿನಲ್ಲೇ ಮುಂದಿನ ವರ್ಷ ಅಕ್ಟೋಬರ್, ನವೆಂಬರ್ ಸೇರಿಸಿಕೊಳ್ಳಿ.