ಅಡಿಕೆ ಮಣೆ ಹೊತ್ತುಕೊಂಡು ಫಿಸಿಯೋಥೆರಪಿಗೆ

ಕೇರಳದ ಕಾಸರಗೋಡಿನ ನಮ್ಮ ಪೆರ್ಲ ಕಡೆ ಅಡಿಕೆ ಸುಲಿಯುವವರಿಗೆ ಕೈ ನೋವು ಹೊಸತೇನಲ್ಲ. ಚಾಲಿ, ಅಂದರೆ ಸಿಪ್ಪೆ ಸಮೇತ ಒಣಗಿಸುವ ಹಣ್ಣಡಿಕೆ, ಅಂಗಳದಲ್ಲಿ ಒಂದೂವರೆ ತಿಂಗಳು ಒಣಗುತ್ತದೆ, ಆಮೇಲೆ ಸುಲಿಯುವ ಕತ್ತಿ ಇರುವ ಮಣೆ ಮುಂದೆ ಕೂರುವುದೇ ಕೆಲಸ. ಕಳೆದ ಸಲ ಆ ಹೊತ್ತಿಗೆ ನನ್ನ ಬಲಗೈ ಹೆಬ್ಬೆರಳಿನ ಬುಡ ಹಿಡಿದುಕೊಂಡಿತು. ಅಲ್ಲಿಂದ ಮಣಿಗಂಟಿನ ತನಕ ಎಳೆತ, ಸ್ವಲ್ಪ ಊತ ಕೂಡ.

ಇಂಥದ್ದಕ್ಕೆ ಸಲಹೆಗಳಿಗೆ ಬರ ಇಲ್ಲ ಅಲ್ವಾ? ಒಬ್ಬರು ಮುರಿವೆಣ್ಣ ಹಚ್ಚು ಎಂದರು, ಇನ್ನೊಬ್ಬರು ಕೊಟ್ಟಂಚುಕ್ಕಾದಿ ತೈಲ ಎಂದರು. ಅತ್ತೆ ನೆಕ್ಕಿ ಸೊಪ್ಪು ಹಾಕಿ ನೀರು ಕುದಿಸಿ ಕೊಟ್ಟರು. ಆ ಬಿಸಿನೀರಲ್ಲಿ ಕೈ ಇಟ್ಟಷ್ಟು ಹೊತ್ತು ಹಾಯೆನಿಸುತ್ತಿತ್ತು, ಸುಳ್ಳು ಹೇಳುವುದಿಲ್ಲ. ಮರುದಿನ ಮಣೆ ಮುಂದೆ ಕೂತರೆ ಪುನಃ ಅದೇ ಕತೆ. ಓಪಿ ಚೀಟಿ ಮಾಡಿಸಿ ಡಾಕ್ಟರಿಗೂ ತೋರಿಸಿದೆ. ಮಾತ್ರೆ ಸಿಕ್ಕಿತು. ಬಾಗಿಲಾಚೆ ಅಷ್ಟುದ್ದ ಸಾಲು ಇರುವಾಗ ಬರೀ "ಕೈ ನೋವು" ಎಂದರೆ ಯಾರಿಗಾದರೂ ಎಷ್ಟು ತಿಳಿದೀತು?

ಅದಕ್ಕೇ ಅಡುಗೆಮನೆಯ ಕ್ಯಾಲೆಂಡರಿನಲ್ಲೇ ಬರೆದಿಡಲು ಶುರು ಮಾಡಿದೆ. ಎಲ್ಲಿ ನೋವು ಅಂತಲ್ಲ, ಯಾವ ಕೆಲಸಕ್ಕೆ ನೋವು ಅಂತ. ಬಟ್ಟೆ ಹಿಂಡುವಾಗ ಜಾಸ್ತಿ. ತುಂಬಿದ ಕೊಡಪಾನ ಎತ್ತುವಾಗ ಜಾಸ್ತಿ. ಉಪ್ಪಿನಕಾಯಿ ಭರಣಿಯ ಮುಚ್ಚಳ ತಿರುಗಿಸಲು ಆಗುವುದೇ ಇಲ್ಲ. ಗುಡಿಸಿದರೆ ಏನಿಲ್ಲ. ರಾತ್ರಿ ನಿದ್ದೆಗೆ ತೊಂದರೆ ಇಲ್ಲ. ಒಂದು ವಾರ ಬರೆದ ಮೇಲೆ ನನಗೇ ಗೊತ್ತಾಯಿತು, ಹೆಬ್ಬೆರಳಿನಿಂದ ಒತ್ತಿ ಹಿಡಿದು ಮಣಿಗಂಟು ತಿರುಗಿಸುವ ಕೆಲಸಗಳೇ ಎಲ್ಲ.

ಫಿಸಿಯೋಥೆರಪಿ ಮಾಡುವವರ ಹತ್ತಿರ ಹೋಗುವಾಗ ಆ ಹಾಳೆ ಹರಿದುಕೊಂಡೆ. ಜೊತೆಗೆ ಅಡಿಕೆ ಮಣೆಯನ್ನೂ ಗೋಣಿಗೆ ಹಾಕಿಕೊಂಡೆ, ಕತ್ತಿಯ ಬಾಯಿಗೆ ಅಡಿಕೆ ಹಾಳೆಯ ತುಂಡು ಕಟ್ಟಿ. ಬಸ್ಸಿನಲ್ಲಿ ಕಂಡಕ್ಟರ್ ಒಂಥರಾ ನೋಡಿದ, ನೋಡಲಿ. ನನ್ನ ಮಲಯಾಳ ಅಂಗಡಿ ವ್ಯವಹಾರಕ್ಕೆ ಸಾಕು, ನೋವು ವಿವರಿಸಲು ಸಾಲದು. ಮಣೆ ಇದ್ದರೆ ಮಾತು ಕಡಿಮೆ ಸಾಕು ಎಂಬ ಲೆಕ್ಕ.

ಅವರು ನಗಲಿಲ್ಲ. ನೆಲದಲ್ಲಿ ಕೂತು ಸುಲಿದು ತೋರಿಸಿ ಎಂದರು. ಅಡಿಕೆಯನ್ನು ಕತ್ತಿಯ ತುದಿಗೆ ಒತ್ತಿ ತಿರುಗಿಸಿದೆ. ಅವರು ನನ್ನ ಮುಖ ನೋಡಲೇ ಇಲ್ಲ, ಮಣಿಗಂಟನ್ನೇ ನೋಡುತ್ತಿದ್ದರು. ಪ್ರತಿ ಸಲ ಒತ್ತುವಾಗ ಕೈ ಕಿರುಬೆರಳಿನ ಕಡೆ ವಾಲುತ್ತದೆ, ಹೆಬ್ಬೆರಳು ಬಿಗಿಯಾಗಿಯೇ ಇರುತ್ತದೆ ಎಂದು ತೋರಿಸಿದರು. ಆಮೇಲೆ ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿಸಿ, ಮುಷ್ಟಿಯನ್ನು ಕೆಳಕ್ಕೆ ಬಗ್ಗಿಸಿದರು. ಅಮ್ಮಾ! ಜೀವ ಹೋದ ಹಾಗಾಯಿತು. (ಇದನ್ನು ಮನೆಯಲ್ಲಿ ಮಾಡಿ ನೋಡಿ ತೀರ್ಮಾನಕ್ಕೆ ಬರಬೇಡಿ, ಸರಿ ಇರುವ ಕೈಗೂ ಸ್ವಲ್ಪ ನೋಯುತ್ತದೆ.)

ಹೆಬ್ಬೆರಳನ್ನು ಎತ್ತುವ ಎರಡು ಸ್ನಾಯುರಜ್ಜುಗಳು (ಸ್ನಾಯುವನ್ನು ಎಲುಬಿಗೆ ಸೇರಿಸುವ ಹುರಿಗಳು) ಮಣಿಗಂಟಿನ ಪಕ್ಕ ಒಂದೇ ಇಕ್ಕಟ್ಟಾದ ಕೊಳವೆಯಲ್ಲಿ ಹಾದುಹೋಗುತ್ತವಂತೆ. ಹೊದಿಕೆ ದಪ್ಪಗಾದರೆ ಓಡಾಡಲು ಜಾಗ ಸಾಲುವುದಿಲ್ಲ. ಮಗು ಎತ್ತಿಕೊಳ್ಳುವ ಬಾಣಂತಿಯರಿಗೂ ಬರುವುದು ಇದೇ. ಡಿ ಕರ್ವೇನ್ ಎಂದು ಹೆಸರು, 1895ರಲ್ಲಿ ಇದನ್ನು ವಿವರಿಸಿದ ಸ್ವಿಟ್ಜರ್‌ಲ್ಯಾಂಡಿನ ಸರ್ಜನ್ ಅವರು. ಅಡಿಕೆ ಕಂಡಿರಲಿಕ್ಕಿಲ್ಲ ಪಾಪ.

ಹೆಬ್ಬೆರಳು ಅಲುಗದ ಹಾಗೆ ಹಿಡಿದಿಡುವ ಪಟ್ಟಿ ಕೊಟ್ಟರು, ಕೆಲವು ವಾರಕ್ಕೆ. ಅಷ್ಟು ದಿನ ಸುಲಿಯುವುದು ಬಂದ್, ಬಟ್ಟೆ ಹಿಂಡುವುದು ಮನೆಯವರ ಪಾಲಿಗೆ. ಕಡಿಮೆಯಾಗದಿದ್ದರೆ ಡಾಕ್ಟರ್ ಒಂದು ಸ್ಟೀರಾಯ್ಡ್ ಇಂಜೆಕ್ಷನ್ ಕೊಡುವುದುಂಟು, ಆಪರೇಷನ್ ಬೇಕಾಗುವುದು ಅಪರೂಪ ಎಂದರು. ನನಗೆ ಅಲ್ಲಿಯ ತನಕ ಹೋಗಲಿಲ್ಲ. ಸಕ್ಕರೆ ಕಾಯಿಲೆ ಇದ್ದವರು ಮೊದಲೇ ಹೇಳಬೇಕು, ಆ ಇಂಜೆಕ್ಷನ್ನಿಗೆ ಕೆಲವು ದಿನ ಶುಗರ್ ಏರುತ್ತದೆ. ನೋವಿನ ಮಾತ್ರೆಗೂ ಅಷ್ಟೇ: ಹೊಟ್ಟೆ ಹುಣ್ಣು, ಬಿಪಿ, ಕಿಡ್ನಿ ತೊಂದರೆ ಇದ್ದರೆ ಕೇಳದಿದ್ದರೂ ಹೇಳಿ. ಮೆಡಿಕಲ್‌ನಿಂದ ಸುಮ್ನೆ ತಂದು ನುಂಗುವವರು ನಮ್ಮಲ್ಲಿ ಎಷ್ಟು ಮಂದಿ!

ಅವರು ಇನ್ನೂ ಕೆಲವು ವಿಷಯ ಕೇಳಿದರು. ಬೆಳಿಗ್ಗೆ ಎರಡೂ ಕೈಯ ಗಂಟುಗಳು ತುಂಬಾ ಹೊತ್ತು ಬಿಗಿಯಾಗಿರುತ್ತವಾ? ಜ್ವರ ಇದೆಯಾ, ಗಂಟು ಕೆಂಪಾಗಿ ಬಿಸಿಯಾಗಿದೆಯಾ? ಚಿಕೂನ್‌ಗುನ್ಯ ಬಂದಿತ್ತಾ? ಹೌದು ಎಂದಿದ್ದರೆ ಪಟ್ಟಿ ಕಟ್ಟಿ ಕಳಿಸುತ್ತಿರಲಿಲ್ಲವಂತೆ, ಡಾಕ್ಟರ ಹತ್ತಿರ ರಕ್ತಪರೀಕ್ಷೆಗೆ ಕಳಿಸುತ್ತಿದ್ದರಂತೆ.

ಈ ಸಲ ಸುಲಿಯಲು ಕೂತಾಗ ಬದಲಾಯಿಸಿದ್ದು ಮುಖ್ಯವಾಗಿ ಎತ್ತರ. ಮಣೆಯನ್ನು ಗಟ್ಟಿ ಪೆಟ್ಟಿಗೆಯ ಮೇಲೆ ಕೂರಿಸಿ, ನಾನು ಸ್ಟೂಲಿನಲ್ಲಿ ಕೂರುತ್ತೇನೆ. ಮಣಿಗಂಟು ನೇರ ಇರುವ ಹಾಗೆ ಎತ್ತರ ಹೊಂದಿಸಲು ಒಂದಿಡೀ ಬೆಳಿಗ್ಗೆ ಹೋಯಿತು. ಹೆಬ್ಬೆರಳಿಗೆ ಹಳೆ ಸೈಕಲ್ ಟ್ಯೂಬಿನ ತುಂಡು, ಜಾರದಿದ್ದರೆ ಅಷ್ಟು ಬಿಗಿಯಾಗಿ ಹಿಡಿಯಬೇಕಿಲ್ಲ. ಅರ್ಧ ಗಂಟೆಗೊಮ್ಮೆ ಎದ್ದು ಅಡಿಕೆ ಹೆಕ್ಕುವುದೋ, ಸಿಪ್ಪೆ ರಾಶಿ ಹಾಕುವುದೋ ಮಾಡುತ್ತೇನೆ. ಯಂತ್ರ ತರಿಸಬಹುದಿತ್ತು, ಆದರೆ ಒಡೆದ ಅಡಿಕೆಗೆ ರೇಟು ಇಲ್ಲ. ನಮ್ಮ ಸಣ್ಣ ತೋಟಕ್ಕೆ ಆ ಲೆಕ್ಕ ಹೊಂದುವುದಿಲ್ಲ.

ಬೀಡಿ ಕಟ್ಟುವ ಪಕ್ಕದ ಮನೆಯಾಕೆ ನನ್ನ ಪಟ್ಟಿಯನ್ನು ಸ್ವಲ್ಪ ದಿನಕ್ಕೆ ಕೊಡು ಎಂದು ಬಂದಿದ್ದಳು. ಅವಳಿಗೆ ಮೂರು ಬೆರಳು ರಾತ್ರಿ ಜುಮ್ಮೆಂದು ಎಚ್ಚರವಾಗುತ್ತದಂತೆ. ಅದು ನರದ ತೊಂದರೆ ಇರಬಹುದು, ಈ ಪಟ್ಟಿ ಅದಕ್ಕಲ್ಲ ಎಂದು ಕೊಡಲಿಲ್ಲ. ಬೀಡಿಯ ತಡ್ಪೆ (ಮೊರ) ಸಮೇತ ತೋರಿಸಲು ಹೋಗು ಎಂದೆ. ಸೋಮವಾರ ಒಟ್ಟಿಗೆ ಹೊರಡುವುದೆಂದು ಆಗಿದೆ.